ಬಲಗಾಲಾದ ಮೇಲೆ ಮತ್ತೆ ಬಲಗಾಲು

ಆ ನೋಟ್‌ಬುಕ್ ಇನ್ನೂ ನನ್ನ ಬಳಿ ಇದೆ. ಇನ್ನೂರು ಪುಟದ್ದು, ನೀಲಿ ರಟ್ಟು. ಪ್ರತಿ ಪುಟದಲ್ಲೂ ಸ್ಕೇಲಿಟ್ಟು ಪೆನ್ಸಿಲ್ಲಿನಲ್ಲಿ ಎಳೆದ ಐದು ಮನೆಗಳಿವೆ: ತಾರೀಖು, ಗಡಿಯಾರ, ಕಾಲು, ಓಟ, ಹೆದರಿಕೆ. ಮೊದಲ ನಾಲ್ಕನ್ನು ತುಂಬುವುದು ಸುಲಭ. ಐದನೆಯದಕ್ಕೆ ನಾನೊಂದು ನಿಯಮ ಮಾಡಿಕೊಂಡಿದ್ದೆ. ಹೊಟ್ಟೆಯೊಳಗೆ ಒಮ್ಮೆಲೇ ತಣ್ಣಗಾಗಿ ಕೈಯಲ್ಲಿದ್ದ ಕೆಲಸ ನಿಂತರೆ ಒಂದು ಗೆರೆ. ಸುಮ್ಮನೆ ಚಿಂತೆಯಾದರೆ ಗೆರೆಯಿಲ್ಲ. ಫೆಬ್ರುವರಿ ಇಪ್ಪತ್ತರಂದು ಮೂರು ಗೆರೆಗಳಿವೆ. ಏಪ್ರಿಲ್ ನಾಲ್ಕರಂದು ಹತ್ತೊಂಬತ್ತು.

ಆಗ ನಾನು ಜಮಖಂಡಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಬನಹಟ್ಟಿಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಸೈನ್ಯದ ಅಧಿಕಾರಿಗಳನ್ನು ಆರಿಸುವ ಲಿಖಿತ ಪರೀಕ್ಷೆಯಲ್ಲಿ ಪಾಸಾಗಿದ್ದೆ. ಅರ್ಜಿಯಲ್ಲಿ ವಿಮಾನ ಹಾರಿಸುವ ಶಾಖೆಯೊಂದಕ್ಕೇ ಗುರುತು ಹಾಕಿದ್ದೆ. ಮುಂದಿನ ಆಯ್ಕೆಗೆ ಏಪ್ರಿಲ್ ಹದಿನಾರಕ್ಕೆ ಮೈಸೂರಿಗೆ ಬರಬೇಕೆಂದು ಪತ್ರ ಬಂತು. ಪತ್ರದ ಎರಡನೆಯ ಹಾಳೆಯಲ್ಲಿ, ಕೆಳಗಿನಿಂದ ನಾಲ್ಕನೆಯ ಸಾಲು ನನ್ನ ನಿದ್ದೆ ಕೆಡಿಸಿತು. ವಿಮಾನ ಚಾಲನೆಯ ಯೋಗ್ಯತಾ ಪರೀಕ್ಷೆಯನ್ನು ಒಬ್ಬರು ಜೀವಮಾನದಲ್ಲಿ ಒಂದೇ ಸಲ ಕೊಡಬಹುದು. ಅದರಲ್ಲಿ ಫೇಲಾದವರು ಮತ್ತೆಂದೂ ಆ ಶಾಖೆಗೆ ಅರ್ಜಿ ಹಾಕುವಂತಿಲ್ಲ.

ಅಲ್ಲಿಯವರೆಗೆ ನಾನು ಬರೆದ ಯಾವ ಪರೀಕ್ಷೆಯೂ ಹಾಗಿರಲಿಲ್ಲ. ಹೋದರೆ ಅಕ್ಟೋಬರಿನಲ್ಲಿ ಮತ್ತೆ ಕಟ್ಟಬಹುದು ಎಂಬ ಧೈರ್ಯ ಎಲ್ಲದರ ಹಿಂದೆಯೂ ಇರುತ್ತಿತ್ತು. ಇಲ್ಲಿ ಅದಿಲ್ಲ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಒಂದು ಮುಂಜಾನೆ ಕಾಲು ತಪ್ಪಿದರೆ, ಅರವತ್ತರವರೆಗೂ ತಪ್ಪಿದಂತೆಯೇ.

ನಮ್ಮ ಮನೆಯಲ್ಲಿದ್ದ ಅವ್ವನ ತಾಯಿಗೆ, ಅಂದರೆ ಆಯಿಗೆ, ಇದನ್ನು ಹೇಳಿದೆ. ಆಯಿಯ ಊರು ಬೀಳಗಿ ಕಡೆಯದು. ಅದು ಆಲಮಟ್ಟಿಯ ಹಿನ್ನೀರಿನಲ್ಲಿ ಹೋಗಿ ಆಗಲೇ ಬಹಳ ವರ್ಷಗಳಾಗಿದ್ದವು.

"ಒಂದ ಸಲ ಅಂದ್ರ ಯಾಕ ಹಂಗ ಹೆದರ್ತಿ ಬೇ? ನಮ್ಮೂರು ಮುಳಗಿದ್ದೂ ಒಂದ ಸಲನ," ಎಂದಳು ಆಯಿ.

"ಇಕಿ ಹೆದರಿಕಿ ತಗ್ಯಾಕತ್ತೀಯೋ, ಹೆಚ್ಚ ಮಾಡಾಕತ್ತೀಯೋ?" ಎಂದು ಅವ್ವ ಒಲೆಯ ಮುಂದಿನಿಂದಲೇ ಗದರಿದಳು.

ಆ ಸಂಜೆ ಒಂದು ಗೆರೆ ಹಾಕಿದೆ.

ಪರೀಕ್ಷೆಯಲ್ಲಿ ಎರಡು ಭಾಗಗಳಿರುತ್ತವೆ ಎಂದು ಭೌತಶಾಸ್ತ್ರದ ಸರ್ ಒಂದು ಝೆರಾಕ್ಸ್ ಕೊಟ್ಟಿದ್ದರು. ಮೊದಲನೆಯದು ಕಾಗದದ ಮೇಲಿನದು. ವಿಮಾನದೊಳಗಿರುವ ಗಡಿಯಾರದಂಥ ಮುಳ್ಳುಗಳ ಚಿತ್ರ ನೋಡಿ, ವಿಮಾನ ಯಾವ ದಿಕ್ಕಿಗೆ ಹೊರಳಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಹೇಳಬೇಕು. ಎರಡನೆಯದು ಯಂತ್ರದ ಮುಂದೆ. ಪರದೆಯ ಮೇಲೊಂದು ಬೆಳಕಿನ ಚುಕ್ಕೆ ಅತ್ತಿತ್ತ ಓಡುತ್ತದೆ. ಅದನ್ನು ಚೌಕದೊಳಗೆ ಹಿಡಿದಿಡಬೇಕು. ಮೇಲೆ ಕೆಳಗೆ ಹೋದರೆ ಬಲಗೈಯ ಕೋಲಿನಿಂದ, ಎಡಕ್ಕೆ ಬಲಕ್ಕೆ ಹೋದರೆ ಕಾಲಡಿಯ ಎರಡು ಪೆಡಲುಗಳಿಂದ. ನಡುನಡುವೆ ದೀಪ ಹತ್ತುತ್ತದೆ, ಕಿವಿಯಲ್ಲಿ ಶಬ್ದವಾಗುತ್ತದೆ. ಅವನ್ನು ಎಡಗೈಯಿಂದ ಆರಿಸಬೇಕು.

ಮುಂಜಾನೆಯ ಓಟಕ್ಕಾಗಲಿ ಗಡಿಯಾರಗಳಿಗಾಗಲಿ ನಾನು ಹೆದರಲಿಲ್ಲ. ದಿನಕ್ಕೆ ಇಪ್ಪತ್ತು ಚಿತ್ರ ಬಿಡಿಸುತ್ತಿದ್ದೆ, ಮೊದಲ ವಾರದ ನಂತರ ಇಪ್ಪತ್ತಕ್ಕೆ ಇಪ್ಪತ್ತು. ಎರಡನೆಯದರ ಅಭ್ಯಾಸ ಎಲ್ಲಿ ಮಾಡುವುದು? ಅಂಥ ಯಂತ್ರವನ್ನು ನಮ್ಮ ಕಡೆ ಕಣ್ಣಿಂದ ಕಂಡವರೂ ಇರಲಿಲ್ಲ.

ನಾನು ಝೆರಾಕ್ಸನ್ನು ಗಟ್ಟಿಯಾಗಿ ಓದಿ ಅವ್ವನಿಗೆ ತಿಳಿಸುತ್ತಿದ್ದಾಗ ಅಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಅವನು ನೇಕಾರ. ಮುಂದಿನ ಪಡಸಾಲೆಯಲ್ಲಿ ಎರಡು ಪಾವರ್‌ಲೂಮು ಓಡುತ್ತಿದ್ದವು. ಕರೆಂಟು ಹೋದಾಗಷ್ಟೇ ನಮ್ಮ ಮನೆಯಲ್ಲಿ ಮೆಲ್ಲಗೆ ಮಾತಾಡಬಹುದಿತ್ತು. ಆಗ ಕರೆಂಟು ಹೋಗಿತ್ತು.

"ಇನ್ನೊಮ್ಮೆ ಓದು," ಎಂದ.

ಓದಿದೆ.

"ಕೈಗೊಂದ ಕೆಲಸ, ಕಾಲಿಗೊಂದ, ಕಣ್ಣಿಗೊಂದ, ಕಿವಿಗೊಂದ. ಇದು ನಮ್ಮ ಮಗ್ಗ ಆತಲ್ಲ?"

"ಅಪ್ಪಾ, ಅದು ವಿಮಾನ."

"ಇರ್ಲಿ. ಅವರೂ ಕುಂತ ತುಳೀತಾರೋ ಇಲ್ಲೋ?"

ಹಿತ್ತಲ ಕೋಣೆಯಲ್ಲಿ ಅಜ್ಜನ ಕಾಲದ ಕುಣಿ ಮಗ್ಗವಿತ್ತು. ನೆಲದಲ್ಲಿ ತೋಡಿದ ಕುಣಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತರೆ ಪಾದದ ಕೆಳಗೆ ತುಳಿಯಲು ಎರಡು ಹಲಗೆ. ಪಾವರ್‌ಲೂಮು ಬಂದ ಮೇಲೆ ಆ ಕುಣಿಯಲ್ಲಿ ಹಳೆಯ ಡಬ್ಬಿ, ಹರಿದ ಚೀಲ ತುಂಬಿದ್ದವು. ಅಪ್ಪ ಎರಡು ದಿನ ಅದನ್ನು ಖಾಲಿ ಮಾಡಿದ. ಮೂರನೆಯ ದಿನ ಹೊಸ ಹಗ್ಗ ಕಟ್ಟಿ, ಹನ್ನೆರಡು ಗಜ ದಪ್ಪ ನೂಲಿನ ಹಾಸು, ಅಂದರೆ ಉದ್ದೆಳೆಗಳನ್ನು, ಏರಿಸಿದ. ಒಂದು ಹಲಗೆ ತುಳಿದರೆ ಹಾಸಿನ ಎಳೆಗಳು ಬಾಯಿ ತೆರೆಯುತ್ತವೆ. ಬಲಗೈಯಿಂದ ಹಗ್ಗ ಜಗ್ಗಿದರೆ ಅಡ್ಡನೂಲು ಹೊತ್ತ ಲಾಳಿ ಆ ಬಾಯಿಯೊಳಗಿಂದ ಹಾರಿ ಆಚೆ ಹೋಗುತ್ತದೆ. ಎಡಗೈಯಿಂದ ಬಡಿದು ಎಳೆಯನ್ನು ಕೂಡಿಸಬೇಕು. ಆಮೇಲೆ ಇನ್ನೊಂದು ಹಲಗೆ. ನೇಕಾರರ ಮನೆಯಲ್ಲಿ ಹುಟ್ಟಿದರೂ ನಾನು ಅದರಲ್ಲಿ ಕೂತವಳಲ್ಲ. ಮೊದಲ ದಿನ ನೂರು ಸಲ ಲಾಳಿ ಹಾರಿಸುವುದರಲ್ಲಿ ಮೂವತ್ತೊಂದು ತಪ್ಪು. ಬರೆದಿಟ್ಟೆ.

ದಿನವೂ ಮುಂಜಾನೆ ಕಾಲೇಜಿಗೆ ಹೋಗುವ ಮೊದಲು ಒಂದು ತಾಸು, ಬಂದ ಮೇಲೆ ಅರ್ಧ ತಾಸು. ಅಪ್ಪ ಪಕ್ಕದಲ್ಲಿ ಕೂತು ಒಂದು ತಾಟನ್ನು ಚಮಚದಿಂದ ಬಡಿಯುತ್ತಿದ್ದ. ಶಬ್ದ ಬಂದಾಗ ನಾನು ಎಡಗೈಯಿಂದ ನೆಲ ಮುಟ್ಟಿ ಮತ್ತೆ ಮಗ್ಗ ಹಿಡಿಯಬೇಕು. ಓಣಿಯ ನೇಕಾರರು ನೋಡಲು ಬರುತ್ತಿದ್ದರು.

"ಏನೋ ಮಾರಾಯಾ, ಮಗಳು ವಿಮಾನದಾಗ ಕುಂತ ಸೀರಿ ನೇಯ್ತಾಳೇನು?" ಎಂದು ಎದುರು ಮನೆಯವರು ಕೇಳಿದರು.

"ನೇಯ್ತಾಳ. ಮ್ಯಾಲಿಂದ ಒಗಿತಾಳ, ನೀ ಹಿಡ್ಕೊ," ಎಂದ ಅಪ್ಪ.

ಮೂವತ್ತೊಂದು, ಇಪ್ಪತ್ತೇಳು, ಹದಿನೆಂಟು, ಹನ್ನೊಂದು. ಮಾರ್ಚ್ ಇಪ್ಪತ್ತೊಂಬತ್ತರಂದು ಕಾಲಿನ ಮನೆಯಲ್ಲಿ ಸೊನ್ನೆ ಬಿತ್ತು. ಅಪ್ಪ ಆ ಸೊನ್ನೆಯನ್ನು ನೋಡಿದ. ಆ ದಿನ ಪಾವರ್‌ಲೂಮಿನ ಮುಂದೆ ನಿಂತು ಏನನ್ನೋ ಗುನುಗುತ್ತಿದ್ದ. ಮುಂದಿನ ಐದು ದಿನವೂ ಸೊನ್ನೆ. ಹೆದರಿಕೆಯ ಮನೆಯಲ್ಲಿ ದಿನಕ್ಕೊಂದೇ ಗೆರೆ. ಒಂದು ದಿನ ಅದೂ ಇಲ್ಲ.

ಏಪ್ರಿಲ್ ನಾಲ್ಕರಂದು ಅಪ್ಪ ನನ್ನನ್ನು ಮುಧೋಳಕ್ಕೆ ಕರೆದುಕೊಂಡು ಹೋದ. ಅಲ್ಲಿ ಅವನ ಪರಿಚಯದವರೊಬ್ಬರಿದ್ದರು. ಇಪ್ಪತ್ತು ವರ್ಷ ಸೈನ್ಯದಲ್ಲಿ ವಿಮಾನ ರಿಪೇರಿ ಮಾಡಿ ನಿವೃತ್ತರಾಗಿ ಬಂದವರು. ನಾನು ಕಾಕಾ ಎನ್ನುತ್ತಿದ್ದೆ. ಮಹಾಲಿಂಗಪುರದಲ್ಲಿ ಬಸ್ಸು ನಿಂತಾಗ ಅಪ್ಪ ಇಳಿದು ಅವರಿಗೆಂದು ಬೆಲ್ಲದ ಅಚ್ಚು ತಂದ. ಮಗಳ ಕಾಲನ್ನು ತೋರಿಸಿ ಶಹಬ್ಬಾಸ್ ಎನ್ನಿಸಿಕೊಳ್ಳಲು ಹೊರಟಿದ್ದ ಎಂದು ನನಗೂ ಗೊತ್ತಿತ್ತು.

ಕಾಕಾನ ಅಂಗಳದಲ್ಲಿ ಬೇಟೆನಾಯಿಯೊಂದು ಕಟ್ಟಿತ್ತು. ಒಣಕಲು ಹೊಟ್ಟೆ, ಉದ್ದುದ್ದ ಕಾಲು. ನಾನು ಗೇಟಿನಲ್ಲೇ ನಿಂತೆ.

"ಬಾ ತಂಗಿ, ಅದೇನೂ ಮಾಡಂಗಿಲ್ಲ," ಎಂದರು ಕಾಕಾ. "ಅಲ್ಲಿ ಕಾಲಿನ ಉದ್ದ ಅಳೀತಾರ, ಗೊತ್ತೈತಿಲ್ಲೋ? ನಿನ್ನ ಕಾಲೂ ನಮ್ಮ ನಾಯಿಯಷ್ಟ ಅದಾವ ಬಿಡು, ಆ ಚಿಂತಿ ಇಲ್ಲ."

ಅಪ್ಪ ಮಗ್ಗದ ಕತೆ ಹೇಳಿದ. ಆರು ದಿನದಿಂದ ಒಂದೂ ತಪ್ಪಿಲ್ಲ ಎಂದ. ಕಾಕಾ ಅದನ್ನು ಕೇಳಿ, ನನ್ನನ್ನು ಒಂದು ಸ್ಟೂಲಿನ ಮೇಲೆ ಕೂರಿಸಿದರು. ತಮ್ಮ ಎರಡು ಚಪ್ಪಲಿಗಳನ್ನು ನನ್ನ ಪಾದದ ಮುಂದೆ ಇಟ್ಟರು.

"ನಾ ಹೇಳಿದ್ದನ್ನ ತುಳಿ. ಬಲ. ಎಡ. ಬಲ. ಎಡ."

ತುಳಿದೆ.

"ಬಲ. ಬಲ."

ನನ್ನ ಎಡಗಾಲು ಕೆಳಗೆ ಹೋಗಿತ್ತು.

ನಾನು ಕಾಲನ್ನೇ ನೋಡಿದೆ. ಅಪ್ಪನೂ ನೋಡಿದ.

"ಮತ್ತೊಮ್ಮೆ," ಎಂದರು ಕಾಕಾ. "ಎಡ. ಬಲ. ಬಲ. ಬಲ. ಎಡ. ಎಡ."

ಇಪ್ಪತ್ತರಲ್ಲಿ ಎಂಟು ತಪ್ಪಿತು. ಮಾತು ಕಿವಿಗೆ ಬೀಳುವ ಮೊದಲೇ ಕಾಲು ಹೊರಟಿರುತ್ತಿತ್ತು. ಬಲ ಆದ ಮೇಲೆ ಎಡ, ಎಡ ಆದ ಮೇಲೆ ಬಲ. ಮಗ್ಗದಲ್ಲಿ ಬೇರೆ ಆಗುವಂತೆಯೇ ಇಲ್ಲ.

"ತಂಗಿ, ನಿನ್ನ ಕಾಲು ನನ್ನ ಮಾತ ಕೇಳವಲ್ವು. ಮುಂದಿಂದು ಅವಕ್ಕ ಮೊದಲ ಗೊತ್ತೈತಿ. ಅಲ್ಲಿ ಚುಕ್ಕಿ ಹಂಗ ಒಂದಾದ ಮ್ಯಾಲ ಒಂದು ಬರಂಗಿಲ್ಲ. ಬಲಕ್ಕ ಓಡಿದ್ದು ಮತ್ತ ಬಲಕ್ಕ ಓಡ್ತೈತಿ," ಎಂದರು. ಆಮೇಲೆ ಅಪ್ಪನ ಕಡೆಗೆ ತಿರುಗಿ, "ಏನೂ ಮಾಡದ ಹೋಗಿದ್ರ ಛಲೋ ಇತ್ತಲ್ಲೋ," ಎಂದರು.

ಅವರು ಬೈಯಬೇಕೆಂದು ಹೇಳಿದ್ದಲ್ಲ. ಬೆಲ್ಲದ ಅಚ್ಚನ್ನು ಅಪ್ಪ ಇನ್ನೂ ತೊಡೆಯ ಮೇಲೆ ಇಟ್ಟುಕೊಂಡಿದ್ದ.

ಬಸ್ ಸ್ಟ್ಯಾಂಡಿಗೆ ನಡೆದು ಬರುವಾಗ ನನಗೆ ಇನ್ನೊಂದು ವಿಷಯ ಹೊಳೆಯಿತು. ನಡೆಯುವುದೂ ಹಾಗೆಯೇ. ಬಲ ಆದ ಮೇಲೆ ಎಡ. ನಾನಿಡುವ ಒಂದೊಂದು ಹೆಜ್ಜೆಯೂ ಆ ತಪ್ಪನ್ನೇ ಗಟ್ಟಿ ಮಾಡುತ್ತಿದೆ ಎನ್ನಿಸಿ ರಸ್ತೆಯ ನಡುವೆ ನಿಂತುಬಿಟ್ಟೆ. ಅದು ಹುಚ್ಚು ವಿಚಾರ ಎಂದು ತಿಳಿದಿತ್ತು. ಆದರೂ ಕಾಲು ಎತ್ತಲಾಗಲಿಲ್ಲ. ಕಬ್ಬಿನ ಟ್ರ್ಯಾಕ್ಟರೊಂದು ಹಾರ್ನ್ ಹೊಡೆಯಿತು. ಅಪ್ಪ ನನ್ನ ರಟ್ಟೆ ಹಿಡಿದು ಬದಿಗೆ ಎಳೆದುಕೊಂಡ. ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತ. ಮಹಾಲಿಂಗಪುರ ದಾಟಿದ ಮೇಲೆ, "ನನ್ನಿಂದ ಆತು," ಎಂದ. ನಾನು ಇಲ್ಲ ಎನ್ನಬೇಕಿತ್ತು. ಎನ್ನಲಿಲ್ಲ.

ಹತ್ತೊಂಬತ್ತು ಗೆರೆಗಳು ಆ ದಿನದವು. ಉಳಿದದ್ದು ಹನ್ನೆರಡು ದಿನ. ಪ್ರಯಾಣಕ್ಕೆ ಒಂದು ದಿನ ತೆಗೆದರೆ ಹನ್ನೊಂದು.

ಮರುದಿನ ಮುಂಜಾನೆ ನಾನು ಹಿತ್ತಲ ಕೋಣೆಗೆ ಹೋಗಲಿಲ್ಲ. ಅಪ್ಪನೇ ಬಂದು ಕರೆದ.

"ಕುಂದ್ರು."

"ಬ್ಯಾಡಪ್ಪಾ. ಇನ್ನೂ ಕೆಡ್ತೈತಿ."

"ಕುಂದ್ರಂದ್ನೆಲ್ಲ. ನಾ ಕಾಲ ಹೇಳ್ತೇನಿ, ನೀ ತುಳಿ. ಹಿಂದಿಂದ ಬಲ ಇತ್ತೋ ಎಡ ಇತ್ತೋ ನೋಡಬ್ಯಾಡ."

"ಬಟ್ಟಿ?"

ಇದನ್ನು ನೇಕಾರರಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಒಂದೇ ಹಲಗೆಯನ್ನು ಎರಡು ಸಲ ತುಳಿದರೆ ಲಾಳಿ ಹೋದ ಬಾಯಿಯಲ್ಲೇ ಮರಳಿ ಬರುತ್ತದೆ. ಎಳೆ ಕೂಡುವುದಿಲ್ಲ, ಅಂಚಿನಲ್ಲಿ ಸಡಿಲ ಕುಣಿಕೆಯಾಗಿ ಜೋತುಬೀಳುತ್ತದೆ. ಅಂಥ ಒಂದು ಎಳೆ ಕಂಡರೂ ಬಿಚ್ಚಿ, ಸರಿ ಮಾಡಿ, ಆಮೇಲೆಯೇ ಮುಂದೆ ನೇಯಬೇಕು. ತಪ್ಪಿನ ಮೇಲೆ ಇನ್ನೊಂದು ಎಳೆ ಹಾಕುವುದು ನಮ್ಮ ಮನೆಯಲ್ಲಿ ಹೇಸಿಗೆಯ ಕೆಲಸ. ಒಂದು ತಪ್ಪು ಎಳೆಗಾಗಿ ಗೇಣಗಲ ಬಟ್ಟೆಯನ್ನು ಅಪ್ಪ ಮಧ್ಯಾಹ್ನದವರೆಗೆ ಕೂತು ಬಿಚ್ಚಿದ್ದನ್ನು ನಾನು ನೋಡಿದ್ದೇನೆ. ಅದು ಯಾರಿಗೂ ಮಾರುವ ಬಟ್ಟೆಯಾಗಿರಲಿಲ್ಲ, ಆಯಿಯ ಹೊದಿಕೆ.

ಅಪ್ಪ ಗೋಡೆಯ ಕಡೆ ಮುಖ ಮಾಡಿ, ನನಗೆ ಬೆನ್ನು ತೋರಿಸಿ ನಿಂತ.

"ಬಲ. ಬಲ. ಎಡ. ಬಲ. ಎಡ. ಎಡ. ಎಡ."

ಮೊದಲ ದಿನ ನೂರರಲ್ಲಿ ಮೂವತ್ತೆಂಟು ತಪ್ಪು. ನಾನು ಸರಿಯಾಗಿ ತುಳಿದಷ್ಟೂ ಬಟ್ಟೆ ಕೆಡುತ್ತಿತ್ತು. ಮಾತು ಮರೆತು ಕಾಲು ತನ್ನ ಹಾದಿಯಲ್ಲಿ ಹೋದಾಗಷ್ಟೇ ನಾಲ್ಕು ಎಳೆ ನೆಟ್ಟಗೆ ಬೀಳುತ್ತಿದ್ದವು. ಲಾಳಿಯ ಸದ್ದಿನಿಂದಲೇ ಅಪ್ಪನಿಗೆ ಯಾವುದು ಏನೆಂದು ತಿಳಿಯುತ್ತಿತ್ತು. ಒಂದೇ ಬಾಯಲ್ಲಿ ಲಾಳಿ ಮರಳಿದಾಗಲೆಲ್ಲ ಅವನ ಭುಜ ಸ್ವಲ್ಪ ಮೇಲೇರುತ್ತಿತ್ತು. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

ಮೂರನೆಯ ದಿನ ಆಯಿ ಕೋಣೆಗೆ ಬಂದು ಬಟ್ಟೆಯನ್ನು ಕೈಯಲ್ಲಿ ಸವರಿ ನೋಡಿದಳು. "ಇದೇನಿದು? ಇಲಿ ನೇಯ್ದಾವೇನು?"

"ಅದು ಹಂಗ ಬೇಕ್ರಿ," ಎಂದ ಅಪ್ಪ.

"ನಿಮ್ಮಪ್ಪ ಇದ್ದಿದ್ರ ಇಬ್ಬರ್ನೂ ಈ ಕುಣ್ಯಾಗ ಹೂಳತಿದ್ದ."

"ಹೂಳಲಿ. ಹದಿನಾರನೇ ತಾರೀಖ ಆದ ಮ್ಯಾಲ."

ಐದನೆಯ ದಿನ ಇನ್ನೊಂದು ಹೆದರಿಕೆ ಬಂತು. ಅಪ್ಪ ಕೂಗುವುದರಲ್ಲೂ ಒಂದು ಅಳತೆಯಿತ್ತು. ಎರಡು ಬಲ, ಒಂದು ಎಡ, ಒಂದು ಬಲ, ಎರಡು ಎಡ. ಎಷ್ಟೇ ಬೇಕಾಬಿಟ್ಟಿ ಹೇಳಿದರೂ ಅವನ ಬಾಯಲ್ಲೂ ನೇಕಾರನೇ ಇದ್ದ. ನನ್ನ ಕಾಲು ಅದನ್ನೂ ಕಲಿಯತೊಡಗಿತ್ತು. ಆಮೇಲೆ ಅವ್ವ ಒಲೆಯ ಮುಂದಿನಿಂದ ಕೂಗಿದಳು, ಆಯಿಯೂ ಕೂಗಿದಳು. ಆಯಿ ಒಮ್ಮೆ ಏಳು ಸಲ ಎಡ, ಎಡ ಎಂದು, ಎಂಟನೆಯದಕ್ಕೆ ನಾನು ಬಲ ತುಳಿದಾಗ, "ನಾ ಎಲ್ಲಿ ಬಲ ಅಂದೆ?" ಎಂದು ಹಲ್ಲಿಲ್ಲದ ಬಾಯಿಂದ ನಕ್ಕಳು. ನಾನು ಅತ್ತುಬಿಟ್ಟೆ. ಆಯಿ ನಗು ನಿಲ್ಲಿಸಿ ಕುಣಿಯ ಅಂಚಿನಲ್ಲಿ ಕೂತು ನನ್ನ ತಲೆ ಒತ್ತಿದಳು. ಆಮೇಲೆ ಮತ್ತೆ, "ಎಡ," ಎಂದಳು.

ಮೂವತ್ತೆಂಟು, ಮೂವತ್ತು, ಮೂವತ್ತೆರಡು, ಇಪ್ಪತ್ತನಾಲ್ಕು, ಹತ್ತೊಂಬತ್ತು. ಅರ್ಧ ರೊಟ್ಟಿ ತಟ್ಟೆಯಲ್ಲೇ ಉಳಿಯುತ್ತಿತ್ತು. ಅವ್ವ ಗಂಜಿ ಮಾಡಿ ಕೊಡುತ್ತಿದ್ದಳು. ಕೊನೆಯ ದಿನ ನೂರರಲ್ಲಿ ಒಂಬತ್ತು. ಒಂಬತ್ತು ಎಂಬ ಅಂಕಿಯನ್ನು ಎಷ್ಟು ಹೊತ್ತು ನೋಡುತ್ತ ಕೂತಿದ್ದೆನೋ. ಇನ್ನು ನಾಲ್ಕು ದಿನ ಸಿಕ್ಕಿದ್ದರೆ ಎಂದು ಲೆಕ್ಕ ಹಾಕಿದೆ. ನಾಲ್ಕು ದಿನ ಇರಲಿಲ್ಲ.

ಮೈಸೂರಿಗೆ ಅಪ್ಪ ಜೊತೆಗೆ ಬಂದ. ಮಠವೊಂದರ ಛತ್ರದಲ್ಲಿ ಅವನಿಗೆ ಇರಲು ಜಾಗ ಸಿಕ್ಕಿತು. ಹದಿನಾರರ ಮುಂಜಾನೆ ಆಯ್ಕೆ ಕೇಂದ್ರದ ಗೇಟಿನ ಮುಂದೆ ಸೂಟ್‌ಕೇಸು ಹಿಡಿದ ಹುಡುಗ ಹುಡುಗಿಯರು ಇಂಗ್ಲಿಷಿನಲ್ಲಿ ಮಾತಾಡುತ್ತ ನಿಂತಿದ್ದರು. ನಾನು ಚೀಲದಿಂದ ನೋಟ್‌ಬುಕ್ ತೆಗೆದು ತಾರೀಖು ಬರೆಯುತ್ತಿದ್ದೆ.

"ಒಳಗ ಅದ್ಯಾಕ? ಕೊಡಿಲ್ಲಿ," ಎಂದ ಅಪ್ಪ.

ಕೊಟ್ಟೆ. ಅದನ್ನು ಅವನು ರೊಟ್ಟಿಯ ಗಂಟಿನ ಜೊತೆ ಚೀಲದಲ್ಲಿ ಇಟ್ಟುಕೊಂಡ.

ಮೊದಲ ದಿನ ಕಾಗದ ಪತ್ರ ನೋಡುವುದು, ಎದೆಗೆ ನಂಬರಿನ ಬಟ್ಟೆ ಕಟ್ಟುವುದು, ಬೇರೆ ಕೆಲವು ಪರೀಕ್ಷೆಗಳು. ನನ್ನ ನಂಬರು ಹದಿನೇಳು. ಎರಡನೆಯ ಮುಂಜಾನೆ ವಿಮಾನದ ಪರೀಕ್ಷೆ. ಗಡಿಯಾರದ ಚಿತ್ರಗಳನ್ನು ಸಮಯಕ್ಕೆ ಮೊದಲೇ ಮುಗಿಸಿ ಪೆನ್ಸಿಲ್ ಕೆಳಗಿಟ್ಟೆ. ಒಂದೂ ಅನುಮಾನದ್ದಿರಲಿಲ್ಲ. ಆಮೇಲೆ ನಮ್ಮನ್ನು ತಂಪಾದ ಕೋಣೆಯೊಂದಕ್ಕೆ ಕರೆದೊಯ್ದರು. ಸಾಲಾಗಿ ಯಂತ್ರಗಳು. ಕುರ್ಚಿಯಲ್ಲಿ ಕೂತು ಕಾಲು ಚಾಚಿದಾಗ ಪೆಡಲು ಪಾದಕ್ಕೆ ತಾಗಿತು. ನಮ್ಮ ಹಲಗೆಗಿಂತ ಮೆತ್ತಗಿತ್ತು. ಒತ್ತಿದರೆ ಸದ್ದೇ ಇಲ್ಲ.

ಮೊದಲ ಸುತ್ತು ಅಭ್ಯಾಸಕ್ಕೆ ಎಂದರು. ಆಮೇಲೆ ನಿಜವಾದದ್ದು ಶುರುವಾಯಿತು.

ಸ್ವಲ್ಪ ಹೊತ್ತು ಚುಕ್ಕೆಯ ಹಿಂದೆ ಸರಿಯಾಗಿ ಹೋದೆ. ದೀಪ ಆರಿಸಿದೆ, ಶಬ್ದ ಆರಿಸಿದೆ. ಚುಕ್ಕೆ ಬಲಕ್ಕೆ ಜಾರಿತು, ಹಿಡಿದು ತಂದೆ. ಚೌಕದ ನಡುವೆ ಬರುವಷ್ಟರಲ್ಲಿ ಮತ್ತೆ ಬಲಕ್ಕೆ ಜಾರಿತು. ನನ್ನ ಕಾಲು ತಾನಾಗಿಯೇ ಬದಲಾಯಿತು. ಚುಕ್ಕೆ ಚೌಕದಾಚೆ ಹೋಗಿ ಪರದೆಯ ಅಂಚಿಗೆ ಬಡಿದುಕೊಂಡಿತು. ಒಂದು, ಎಂದು ನನ್ನ ಮನಸ್ಸು ಬರೆದುಕೊಂಡಿತು. ಬರೆದುಕೊಳ್ಳುವಾಗ ಕಿವಿಯಲ್ಲಿ ಬಂದ ಶಬ್ದವನ್ನು ಬಿಟ್ಟೆ. ಎರಡು. ಹಿಂದಿನದನ್ನು ಬಿಚ್ಚಿ ಸರಿ ಮಾಡಬೇಕೆಂದು ಕೈ ತಡೆಯಿತು. ಬಿಚ್ಚಲು ಅಲ್ಲಿ ಏನೂ ಇರಲಿಲ್ಲ. ಚುಕ್ಕೆ ಮುಂದೆ ಹೋಗಿತ್ತು. ಮೂರು, ನಾಲ್ಕು. ಗೋಡೆಯ ಕಡೆ ಮುಖ ಮಾಡಿ ನಿಂತ ಬೆನ್ನೊಂದನ್ನು ನೆನೆದೆ. ಬಲ, ಬಲ, ಎಡ. ಸ್ವಲ್ಪ ಹೊತ್ತು ಕಾಲು ಮಾತು ಕೇಳಿತು. ಕೊನೆಯ ಸುತ್ತು ಮುಗಿಯುವಾಗ ನನ್ನ ಲೆಕ್ಕ ಹದಿನಾಲ್ಕಕ್ಕೆ ನಿಂತಿತ್ತು. ಅದರ ಮೇಲೆ ಎಷ್ಟಾದವೋ ಎಣಿಸಲಾಗಲಿಲ್ಲ. ಎದ್ದಾಗ ಪಕ್ಕದ ಹುಡುಗಿ ನನ್ನ ಮೊಣಕೈ ಹಿಡಿದಳು.

ಮಧ್ಯಾಹ್ನ ಒಬ್ಬ ಅಧಿಕಾರಿ ಹಾಳೆ ಹಿಡಿದು ಬಂದರು. ಓದಿದ ನಂಬರಿನವರು ಉಳಿಯಬೇಕು ಎಂದು ಮೊದಲೇ ಹೇಳಿದರು. ಮೂರು. ಏಳು. ಎಂಟು. ಹನ್ನೆರಡು. ಹದಿನೈದು. ಆಮೇಲೆ ಅವರು ಉಸಿರು ತೆಗೆದುಕೊಂಡರು. ಆ ಉಸಿರಿನಷ್ಟು ಹೊತ್ತು ಅನುಭವಿಸಿದ ಹೆದರಿಕೆಗೆ ಗೆರೆ ಹಾಕಲು ನನ್ನ ಬಳಿ ಪುಟವಿರಲಿಲ್ಲ. ಇಪ್ಪತ್ತೆರಡು, ಎಂದರು.

ನಂಬರು ಓದದೆ ಉಳಿದ ನಾವು ಎದೆಯ ಬಟ್ಟೆ ಬಿಚ್ಚಿ ಮಡಚಿ ಮೇಜಿನ ಮೇಲಿಟ್ಟೆವು. ಯಾವ ಭಾಗದಲ್ಲಿ ಹೋಯಿತು ಎಂದು ಯಾರಿಗೂ ಹೇಳುವುದಿಲ್ಲ. ಕೇಳುವಂತೆಯೂ ಇಲ್ಲ. ಸಹಿ ಮಾಡಿ ಹೊರಗೆ ಬಂದೆ.

ಅಪ್ಪ ಗೇಟಿನಾಚೆಯ ಮರದ ಕೆಳಗೆ ಕೂತಿದ್ದ. ಐದು ದಿನದ ಆಯ್ಕೆ ಎಂದು ಅವನಿಗೆ ಗೊತ್ತಿತ್ತು, ಇದು ಎರಡನೆಯ ದಿನ. ಆದರೂ ಛತ್ರದಲ್ಲಿ ಇರದೆ ಅಲ್ಲಿಯೇ ಬಂದು ಕೂತಿದ್ದ. ನೀಲಿ ನೋಟ್‌ಬುಕ್ ಅವನ ತೊಡೆಯ ಮೇಲೆ ತೆರೆದಿತ್ತು. ಅವನು ಕಲಿತದ್ದು ಏಳನೆಯ ತರಗತಿವರೆಗೆ. ಅಂಕಿಗಳನ್ನಂತೂ ನನಗಿಂತ ಬೇಗ ಓದುತ್ತಿದ್ದ.

ನನ್ನನ್ನು ನೋಡಿ ಎದ್ದ. ನನ್ನ ಕೈಯಲ್ಲಿನ ಚೀಲ ನೋಡಿದ.

"ಕಾಲಿಂದ ಹೋತನ?" ಎಂದ.

ಆ ದನಿಯಲ್ಲಿದ್ದ ಹೆದರಿಕೆ ನನ್ನದಕ್ಕಿಂತ ದೊಡ್ಡದಿತ್ತು. ಎರಡು ತಿಂಗಳು ಐದನೆಯ ಮನೆ ತುಂಬುತ್ತ ಕೂತವಳಿಗೆ, ಅದೇ ಮನೆಯಲ್ಲಿ ಇನ್ನೊಬ್ಬರಿಗೂ ಹೊಟ್ಟೆ ತಣ್ಣಗಾಗುತ್ತಿರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ.

"ಇಲ್ಲಪ್ಪಾ. ಕಾಲಿಂದಲ್ಲ. ಕಾಲು ಛಲೋ ಆತು. ಗಡಿಯಾರದ ಚಿತ್ರ ಇರತಾವಲ್ಲ, ಅದರಾಗ ಹೋತು."

ಅವನು ಕೈಯಲ್ಲಿದ್ದ ಪುಟವನ್ನು ನೋಡಿದ. ಗಡಿಯಾರದ ಮನೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಇಪ್ಪತ್ತು, ಇಪ್ಪತ್ತು, ಇಪ್ಪತ್ತು. ಹಿಂದಿನ ಪುಟ ತಿರುಗಿಸಿದ. ಅಲ್ಲಿಯೂ ಇಪ್ಪತ್ತು. ನೋಟ್‌ಬುಕ್ ಮುಚ್ಚಿ ನನ್ನ ಕೈಗೆ ಕೊಟ್ಟ.

"ಹೌದು. ಅವು ಭಾಳ ಕಠಿಣ ಇರತಾವ," ಎಂದ.

ಮರದ ಕೆಳಗೆ ಕೂತು ರೊಟ್ಟಿ ಬಿಚ್ಚಿದೆವು. ಮೂರು ದಿನದವು, ಗಟ್ಟಿಯಾಗಿದ್ದವು. ಶೇಂಗಾ ಚಟ್ನಿ ಹಚ್ಚಿ ಕೊಟ್ಟ. ಎರಡು ರೊಟ್ಟಿ ತಿಂದೆ. ಹನ್ನೆರಡು ದಿನಗಳಲ್ಲಿ ಅಷ್ಟು ತಿಂದದ್ದು ಅದೇ ಮೊದಲು.

"ಮಗ್ಗದ ಮ್ಯಾಲ ಇನ್ನ ನಾಕ ಗಜ ಹಾಸು ಉಳದೈತಿ," ಎಂದ ಅಪ್ಪ, ಕೈ ತೊಳೆಯುತ್ತ. "ಹೋದ ಮ್ಯಾಲ ನೆಟ್ಟಗ ನೇಯ್ದ ಮುಗಸೋಣು."

"ಯಾರು? ನೀನೋ, ನಾನೋ?"

"ನೀನ. ಕಾಲಂತೂ ಕಲ್ತಾವಲ್ಲ."